ಗಗನಯಾತ್ರಿಯ ಕೈಗವಸು: ಒಂದು ಐತಿಹಾಸಿಕ ಆಕರ

ಇತಿಹಾಸದ ಆಕರಗಳೆಂದೊಡನೆ ಶಾಸನ, ನಾಣ್ಯ, ಕಡತಗಳು ನಮ್ಮ ನೆನಪಿಗೆ ಬರುತ್ತವೆ. ಆದರೆ ಮನುಷ್ಯನು ತೊಟ್ಟ ಉಡುಪೂ ಸಾಕ್ಷ್ಯ ನುಡಿಯಬಲ್ಲುದು. ಅಮೆರಿಕದ ಮರ್ಕ್ಯುರಿ ಯೋಜನೆಯ (1958–63) ಗಗನಯಾತ್ರಿಗಳ ಕೈಗವಸನ್ನು ಈ ದೃಷ್ಟಿಯಿಂದ ಪರಿಶೀಲಿಸೋಣ.

ನೌಕೆಯೊಳಗಿನ ಮನುಷ್ಯನು ಬರಿಯ ಪ್ರಯಾಣಿಕನೋ, ಚಾಲಕನೋ? ಯೋಜನೆಯ ಆರಂಭದಲ್ಲಿಯೇ ಈ ಪ್ರಶ್ನೆ ತಲೆದೋರಿತು. ನೌಕೆಯು ಬಹುಮಟ್ಟಿಗೆ ಸ್ವಯಂಚಾಲಿತವಾಗಿದ್ದಿತು. ಆದರೆ 1959ರಲ್ಲಿ ಆಯ್ಕೆಗೊಂಡ ಏಳು ಮಂದಿಯೂ ಸೇನೆಯ ಪರೀಕ್ಷಾ ವಿಮಾನಚಾಲಕರು. ನಿಯಂತ್ರಣವು ತಮ್ಮ ಕೈಯಲ್ಲಿಯೂ ಇರಬೇಕೆಂದು ಅವರು ಆಗ್ರಹಪಡಿಸಿದರು. ಹಾಗಾಗಬೇಕಾದರೆ ಕೈಗವಸಿನೊಳಗಿನ ಕೈ ಕೆಲಸಮಾಡಬೇಕಷ್ಟೆ.

ತೊಡಕು ಇದ್ದುದು ಅಲ್ಲಿಯೇ. ಅಮೆರಿಕದ ನೌಕಾಪಡೆಯ ಮಾರ್ಕ್ 4 ಉಡುಪನ್ನು ಗುಡ್‌ರಿಚ್ ಸಂಸ್ಥೆಯು ಈ ಯೋಜನೆಗಾಗಿ ಮಾರ್ಪಡಿಸಿತು. ನೌಕೆಯೊಳಗಿನ ಒತ್ತಡ ಕುಸಿದರೆ ಈ ಉಡುಪು ಉಬ್ಬಿ ಪ್ರಾಣ ಕಾಯಬೇಕು. ಉಬ್ಬಿದ ಕೈಗವಸಾದರೋ, ಗಾಳಿ ತುಂಬಿದ ಸೈಕಲ್ ಟ್ಯೂಬಿನಂತೆ, ತನ್ನ ಆಕಾರವನ್ನು ಬಿಟ್ಟುಕೊಡದು. ಬೆರಳನ್ನು ಮಡಿಸಿದಾಗ ಒಳಗಿನ ಅವಕಾಶ ಕಿರಿದಾಗುವುದರಿಂದ ಅನಿಲವು ಪ್ರತಿರೋಧ ಒಡ್ಡುತ್ತದೆ. ಕೈ ಬೇಗನೆ ದಣಿಯುತ್ತದೆ.

ಆದುದರಿಂದ ನಿರ್ಮಾಪಕರು ಬೆರಳುಗಳನ್ನು ಹಿಡಿಕೆ ಹಿಡಿದ ಭಂಗಿಯಲ್ಲಿ ಮೊದಲೇ ಬಾಗಿಸಿ ರೂಪಿಸಿದರು. ಗುಂಡಿಗಳನ್ನು ಒತ್ತಲು, ಸ್ವಿಚ್ಚುಗಳನ್ನು ಆಡಿಸಲು ನಡುಬೆರಳನ್ನು ಮಾತ್ರ ನೇರವಾಗಿ ನಿಲ್ಲಿಸಿದರು. ಪೆನ್ಸಿಲ್ವೇನಿಯದ ಜಾನ್ಸ್‌ವಿಲ್‌ನಲ್ಲಿದ್ದ ಅಪಕೇಂದ್ರಯಂತ್ರದಲ್ಲಿ ಯಾತ್ರಿಗಳು ಇಂತಹ ಉಡುಪು ತೊಟ್ಟು ನಿಯಂತ್ರಣದ ಅಭ್ಯಾಸ ನಡೆಸಿದರು. 1961ರ ಜುಲೈನಲ್ಲಿ ಗ್ರಿಸಮ್ ತೊಟ್ಟ ಉಡುಪಿಗೆ ಮಣಿಕಟ್ಟಿನಲ್ಲಿ ಗುಂಡುಬೇರಿಂಗಿನ ಬಳೆಗಳನ್ನು ಜೋಡಿಸಲಾಯಿತು. ಉಬ್ಬಿದಾಗಲೂ ಕೈಯನ್ನು ತಿರುಗಿಸುವುದು ಇದರಿಂದ ಸಾಧ್ಯವಾಯಿತು. 1962ರ ಫೆಬ್ರವರಿ 20ರಂದು ಭೂಮಿಯನ್ನು ಮೂರು ಬಾರಿ ಸುತ್ತಿದ ಗ್ಲೆನ್ನನ ಕೈಗವಸಿನ ಬೆರಳ ತುದಿಗಳಲ್ಲಿ, ಕತ್ತಲಲ್ಲಿ ಓದಲೆಂದು, ಪುಟ್ಟ ದೀಪಗಳಿದ್ದವು. ಅಂದು ಸ್ವಯಂಚಾಲನೆಯಲ್ಲಿ ದೋಷ ಕಾಣಿಸಿಕೊಂಡಾಗ ಅವನು ಸ್ವಹಸ್ತದಿಂದಲೇ ನೌಕೆಯನ್ನು ನಿಯಂತ್ರಿಸಬೇಕಾಯಿತು.

ಹಾಗಾದರೆ ಈ ಕೈಗವಸು ಹೇಳುವುದೇನು? ಯಾತ್ರಿಯನ್ನು ಅದು ಚಾಲಕನೆಂದೇ ಬಗೆದಿದೆ. ಆದರೆ ಆಸನ ಬಿಟ್ಟೇಳದ ಚಾಲಕನೆಂದು. ಹಿಡಿಕೆ ಹಿಡಿಯುವುದು, ಗುಂಡಿ ಒತ್ತುವುದು—ಇವೆರಡೇ ಅದು ಮುಖ್ಯವಾಗಿ ಬಲ್ಲ ಕೆಲಸಗಳು. ನೌಕೆಯ ಹೊರಗಿನ ಕೆಲಸ ಬೇರೆಯೇ ಬಗೆಯದು. 1965ರ ಮಾರ್ಚ್ 18ರಂದು ಸೋವಿಯತ್ ಯಾತ್ರಿ ಲಿಯೊನೊವ್ ಹೊರಗೆ ತೇಲಿದಾಗ, ಉಬ್ಬಿದ ಕೈಗವಸಿನ ತುದಿಯಿಂದ ಬೆರಳುಗಳೇ ಹಿಂದೆ ಸರಿದವು. ಉಡುಪಿನ ಒತ್ತಡವನ್ನು ತಗ್ಗಿಸಿಕೊಂಡೇ ಅವನು ಒಳಸೇರಬೇಕಾಯಿತು.

ಕಡತಗಳು ಮನುಷ್ಯನ ಸ್ಥಾನವನ್ನು ಕುರಿತು ವಾದಿಸುತ್ತವೆ. ಆ ವಾದದ ಫಲವೇನಾಯಿತೆಂಬುದನ್ನು ನೇರವಾಗಿ ನಿಂತ ಆ ಒಂದು ಬೆರಳು ತೋರಿಸುತ್ತದೆ. ವಿದ್ಯಾರ್ಥಿಗಳು ಎರಡನ್ನೂ ಜೊತೆಯಲ್ಲಿಟ್ಟು ಓದಬೇಕೆಂಬುದು ನಮ್ಮ ಅಭಿಪ್ರಾಯ.