ಪಿಕಪ್ ಕೊಳ್ಳುವ ಮುನ್ನ

ಸಾಲ ಮಾಡಿ ಪಿಕಪ್ ಕೊಳ್ಳುವವರಿಗೆ ನಾವು ಹೇಳುವುದಿಷ್ಟೇ: ಶೋರೂಮಿನವರು ಹೇಳುವ ಮೈಲೇಜ್ ನಂಬಿ ಇಂಜಿನ್ ಆರಿಸಬೇಡಿ, ನಿಮ್ಮ ದಾರಿ, ಹೊರೆ ನೋಡಿ ಆರಿಸಿ.

ಗೊಬ್ಬರ, ಸಿಮೆಂಟ್ ಹೇರಿಕೊಂಡು ದಿಂಬಂ ಘಾಟಿಯ 27 ತಿರುವು ಹತ್ತಿ ತಾಳವಾಡಿಗೆ ಬರುವವರಿಗೆ ಡೀಸೆಲ್ಲೇ ಸರಿ. ಇಂಜಿನ್ ನಿಧಾನವಾಗಿ ತಿರುಗುವಾಗಲೂ ಅದಕ್ಕೆ ಎಳೆಯುವ ಬಲ ಹೆಚ್ಚು. ಸೊಲ್ಲಾಪುರದಂಥ ಬಯಲಿನ ಊರೊಳಗೆ ಹಗುರ ಸರಕು ಸಾಗಿಸುವವರಿಗೆ, ಬಂಕ್ ಹತ್ತಿರವಿದ್ದರೆ, ಸಿಎನ್‌ಜಿ ಅಗ್ಗ ಬೀಳಬಹುದು. ಬಿಎಸ್-6 ಬಂದ ಮೇಲಿನ ಹಲವು ಡೀಸೆಲ್ ಗಾಡಿಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ. ಬರೀ ಗಲ್ಲಿ ಓಡಾಟಕ್ಕೆ ಅದು ಕಟ್ಟಿಕೊಳ್ಳುತ್ತದೆ.

ದಿನಕ್ಕೆ 120 ಕಿ.ಮೀ. ಓಡಿದರೆ, ಲೀಟರಿಗೆ 12 ಕಿ.ಮೀ. ಕೊಡುವ ಗಾಡಿಗೆ 10 ಲೀಟರ್ ಬೇಕು, 15 ಕೊಡುವುದಕ್ಕೆ 8. ತಿಂಗಳಲ್ಲಿ 25 ದಿನಕ್ಕೆ 50 ಲೀಟರ್ ವ್ಯತ್ಯಾಸ! ಕಂತು ಕಟ್ಟಲು ಅದೇ ಆಸರೆ. ಆದ್ದರಿಂದ ನಿಮ್ಮದೇ ದಾರಿಯಲ್ಲಿ, ಅಷ್ಟೇ ಹೊರೆ ಹೊತ್ತು ಓಡುವ ಗಾಡಿಯವರನ್ನು ವಿಚಾರಿಸಿಯೇ ಮುಂಗಡ ಕೊಡಿ.

– ಕಾರ್ಯದರ್ಶಿ