ನಾಲ್ಕು ಗ್ರಾಂ ಕಮ್ಮಿ ಬಂದರೆ ಕಳ್ಳ ಅನ್ನಬಹುದಾ?

ಒಂದು ವಿಡಿಯೋ. ತಕ್ಕಡಿ ಮೇಲೆ ಕಾಫಿಪುಡಿ ಪ್ಯಾಕೆಟ್. ಅದರ ಮೇಲೆ ಅಚ್ಚಾಗಿರೋದು 500 ಗ್ರಾಂ, ತಕ್ಕಡಿ ತೋರಿಸೋದು 488. ಕೆಳಗೆ ದಪ್ಪಕ್ಷರದಲ್ಲಿ ‘ಹಗಲು ದರೋಡೆ’. ಮಧ್ಯಾಹ್ನದೊಳಗೆ ಊರಿನ ಎಲ್ಲ ವಾಟ್ಸಾಪ್ ಗ್ರೂಪುಗಳಿಗೂ ಹೋಗಿರುತ್ತೆ. ಸಂಜೆ ಹೊತ್ತಿಗೆ ಆ ಅಂಗಡಿಯವನ ಮಾನ ಬೀದಿಪಾಲು. ಇಂಥ ವಿಡಿಯೋ ನಿಮಗೂ ಬಂದಿರುತ್ತೆ, ಅಲ್ವಾ?

ಒಂದು ಪ್ಯಾಕೆಟ್ ತೂಗಿ ಒಬ್ಬನನ್ನ ಕಳ್ಳ ಅನ್ನೋಕಾಗಲ್ಲ. ಹಾಗಂತ ಕೈಕಟ್ಟಿ ಕೂರಬೇಕಾ? ಅದೂ ಬೇಡ. ಸರಿಯಾಗಿ ಕೇಳೋಕೆ ಒಂದು ಲೆಕ್ಕ ಇದೆ.

ಉದಾಹರಣೆಗೆ ಎರಡು ಅಂಗಡಿ ಇಟ್ಟುಕೊಳ್ಳಿ. ಎರಡರಿಂದಲೂ ಒಂಬತ್ತೊಂಬತ್ತು ಪ್ಯಾಕೆಟ್ ತಂದು, ಕವರಿನ ತೂಕ ಕಳೆದು, ಒಳಗಿನ ಪುಡಿಯನ್ನಷ್ಟೇ ತೂಗಿದ್ದೀವಿ.

ಮೇಲಿನ ಬೀದಿ ಅಂಗಡಿ: 488, 488, 492, 496, 496, 496, 500, 504, 504.

ಕೆಳಗಿನ ಬೀದಿ ಅಂಗಡಿ: 494, 494, 495, 496, 496, 496, 497, 498, 498.

ಎರಡರ ಸರಾಸರಿಯೂ 496. ನಾಲ್ಕು ಗ್ರಾಂ ಕೊರತೆ. ಇಬ್ಬರೂ ಒಂದೇ ಅನ್ನಿಸುತ್ತೆ. ಆದರೆ ಇನ್ನೊಂದು ಸಲ ನೋಡಿ. ಮೇಲಿನ ಬೀದಿಯವನದು ಒಂದು ಪ್ಯಾಕೆಟ್ ಹೆಚ್ಚು, ಇನ್ನೊಂದು ಕಮ್ಮಿ. ಕೈ ಅಳತೆಯಲ್ಲಿ ತುಂಬೋನ ಹಾಗೆ ಕಾಣ್ತಾನೆ. ಕೆಳಗಿನ ಬೀದಿಯವನದು? ಒಂದೇ ಒಂದು ಪ್ಯಾಕೆಟ್ಟೂ 500 ಮುಟ್ಟಿಲ್ಲ. ಅಚ್ಚುಕಟ್ಟಾಗಿ, ಪ್ರತಿ ಸಲವೂ ಕಮ್ಮಿ!

ಅಂದರೆ, ಕೊರತೆ ದೊಡ್ಡದಾ ಚಿಕ್ಕದಾ ಅನ್ನೋದನ್ನ ಬರೀ ಗ್ರಾಂನಲ್ಲಿ ಹೇಳೋಕಾಗಲ್ಲ. ಅಲ್ಲಿನ ಸಹಜ ಏರುಪೇರಿಗೆ ಹೋಲಿಸಿ ಹೇಳಬೇಕು. ಈ ಏರುಪೇರಿನ ಅಳತೆಗೆ ಸ್ಟ್ಯಾಂಡರ್ಡ್ ಡಿವಿಯೇಷನ್ ಅಂತಾರೆ. ಮೇಲಿನವನದು 6 ಗ್ರಾಂ, ಕೆಳಗಿನವನದು ಒಂದೂವರೆ ಗ್ರಾಂ. ಇದನ್ನ ಪ್ಯಾಕೆಟ್ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿ. ಒಂಬತ್ತರ ವರ್ಗಮೂಲ ಮೂರು. ಮೇಲಿನವನಿಗೆ 2, ಕೆಳಗಿನವನಿಗೆ 0.5 ಬಂತು. ಒಂಬತ್ತು ಪ್ಯಾಕೆಟ್‌ಗಳ ಸರಾಸರಿ ಬರೀ ಅದೃಷ್ಟದಿಂದ ಎಷ್ಟು ಆಚೀಚೆ ಆಗಬಹುದು ಅನ್ನೋದರ ಅಂದಾಜು ಇದು. ಈಗ ನಾಲ್ಕು ಗ್ರಾಂ ಕೊರತೆಯನ್ನ ಇದರಿಂದ ಭಾಗಿಸಿದರೆ ಮೇಲಿನವನಿಗೆ 2, ಕೆಳಗಿನವನಿಗೆ 8.

ಒಂಬತ್ತು ಸ್ಯಾಂಪಲ್‌ಗೆ ಸಾಮಾನ್ಯವಾಗಿ ಬಳಸೋ ಗೆರೆ 2.3. ಮೇಲಿನವನು ಗೆರೆ ದಾಟಿಲ್ಲ. ಕೆಳಗಿನವನು ದಾಟಿ ಎಲ್ಲೋ ಹೋಗಿದ್ದಾನೆ. ಅದು ಆಕಸ್ಮಿಕ ಅಂತ ನಂಬೋದು ಕಷ್ಟ.

ಈ ಲೆಕ್ಕದ ಹೆಸರು ಟಿ-ಟೆಸ್ಟ್. ಕೊಟ್ಟವನು ಕಾಲೇಜು ಮೇಷ್ಟ್ರಲ್ಲ, ಡಬ್ಲಿನ್ ನಗರದ ಗಿನ್ನೆಸ್ ಬಿಯರ್ ಕಂಪನಿಯ ನೌಕರ, ವಿಲಿಯಂ ಗಾಸೆಟ್. ಬಾರ್ಲಿ, ಹಾಪ್ಸ್ ಪರೀಕ್ಷೆಯಲ್ಲಿ ಅವನಿಗೆ ಸಿಗುತ್ತಿದ್ದದ್ದು ನಾಲ್ಕಾರು ಸ್ಯಾಂಪಲ್ ಮಾತ್ರ. ಅಷ್ಟರಲ್ಲೇ ಎಷ್ಟು ಧೈರ್ಯವಾಗಿ ಮಾತಾಡಬಹುದು ಅನ್ನೋದು ಅವನ ತಲೆನೋವು. 1908ರಲ್ಲಿ ‘ಸ್ಟೂಡೆಂಟ್’ ಅನ್ನೋ ಗುಪ್ತನಾಮದಲ್ಲಿ ಉತ್ತರ ಪ್ರಕಟಿಸಿದ. ಸ್ಯಾಂಪಲ್ ಕಮ್ಮಿ ಇದ್ದಷ್ಟೂ ಗೆರೆಯನ್ನ ದೂರ ಎಳೆಯಬೇಕು ಅನ್ನೋದು ಅವನ ಲೆಕ್ಕದ ಸಾರ. ಗೊತ್ತಿರೋದು ಕಮ್ಮಿಯಾದರೆ ಹುಷಾರು ಜಾಸ್ತಿ ಇರಬೇಕು. ಎಷ್ಟು ಒಳ್ಳೇ ಮಾತು!

ಹಾಗಾದ್ರೆ ಮೇಲಿನ ಬೀದಿಯವನು ಸಾಚಾನಾ? ಅಲ್ಲೇ ಎಡವೋದು. ಗೆರೆ ದಾಟಲಿಲ್ಲ ಅಂದರೆ ‘ಸಾಕ್ಷಿ ಸಾಲದು’ ಅಂತ ಅರ್ಥ, ‘ನಿರ್ದೋಷಿ’ ಅಂತಲ್ಲ. ಒಂಬತ್ತರ ಬದಲು 36 ಪ್ಯಾಕೆಟ್ ತೂಗಿದಾಗಲೂ ಅದೇ ಸರಾಸರಿ, ಅದೇ ಏರುಪೇರು ಬಂತು ಅಂದುಕೊಳ್ಳಿ. ಆಗ 6ನ್ನ ಭಾಗಿಸೋದು ಆರರಿಂದ, ಉತ್ತರ 1. ಕೊರತೆಯ ಲೆಕ್ಕ 4. ಗೆರೆ ಇರೋದು 2ರ ಹತ್ತಿರ. ಆಗ ಅವನೂ ಉತ್ತರ ಹೇಳಬೇಕಾಗುತ್ತೆ.

ನಾಲ್ಕು ಗ್ರಾಂಗೆ ಇಷ್ಟೊಂದು ರಾದ್ಧಾಂತ ಯಾಕೆ ಅಂತೀರಾ? 2011ರ ಪೊಟ್ಟಣ ಸಾಮಗ್ರಿ ನಿಯಮಗಳಲ್ಲಿ 500 ಗ್ರಾಂ ಪ್ಯಾಕೆಟ್‌ಗೆ 15 ಗ್ರಾಂವರೆಗಿನ ವ್ಯತ್ಯಾಸಕ್ಕೆ ರಿಯಾಯಿತಿ ಇದೆ. ವಿಡಿಯೋದಲ್ಲಿ ಬಂದ 488 ಕೂಡ ಈ ಮಿತಿಯೊಳಗೇ ಇದೆ! ಒಂದೊಂದೇ ಪ್ಯಾಕೆಟ್ ನೋಡಿದರೆ ನಮ್ಮ ಎರಡೂ ಅಂಗಡಿ ಪಾಸು. ಆದರೆ ರಿಯಾಯಿತಿ ಇದೆಯಲ್ಲಾ ಅಂತ ಪ್ರತಿ ಪ್ಯಾಕೆಟ್‌ನಲ್ಲೂ ನಾಲ್ಕು ಗ್ರಾಂ ಉಳಿಸಿದರೆ? ಸಾವಿರ ಪ್ಯಾಕೆಟ್‌ಗೆ ನಾಲ್ಕು ಕಿಲೋ. ಹನಿ ಹನಿ ಕೂಡಿದರೆ ಹಳ್ಳ, ಸ್ವಾಮಿ. ಅದಕ್ಕೇ ನಿಯಮ ಪ್ಯಾಕೆಟ್ ಜೊತೆಗೆ ಸರಾಸರಿಯನ್ನೂ ನೋಡುತ್ತೆ. ಸ್ಯಾಂಪಲ್ ಎಷ್ಟು, ತೀರ್ಮಾನ ಹೇಗೆ ಅನ್ನೋದಕ್ಕೆ ತೂಕ ಮತ್ತು ಅಳತೆ ಇಲಾಖೆಗೆ ಅದರದೇ ನಿಯಮಗಳಿವೆ.

ಇನ್ನೊಂದು ಎಚ್ಚರಿಕೆ. ಈ ಗೆರೆ ಎಳೆದಿರೋದೇ ನೂರಕ್ಕೆ ಐದರ ಲೆಕ್ಕದಲ್ಲಿ. ಸರಿಯಾಗಿ 500 ಗ್ರಾಂಗೇ ತುಂಬೋ ಪ್ರಾಮಾಣಿಕರ ಇಪ್ಪತ್ತು ಅಂಗಡಿ ಪರೀಕ್ಷಿಸಿದರೂ, ಸರಾಸರಿ ಒಂದು ಅಂಗಡಿ ಬರೀ ದುರದೃಷ್ಟದಿಂದ ಗೆರೆಯಾಚೆ ಹೋಗುತ್ತೆ, ಹೆಚ್ಚಿನ ಕಡೆಗೋ ಕಮ್ಮಿ ಕಡೆಗೋ. ಇಪ್ಪತ್ತು ಸುತ್ತಿ ಅದೊಂದನ್ನೇ ಟೀವಿಯಲ್ಲಿ ತೋರಿಸಿದರೆ ಅದು ಸುದ್ದಿಯಲ್ಲ, ಅನ್ಯಾಯ. ಸ್ಯಾಂಪಲ್ ಆರಿಸೋದೂ ಅಷ್ಟೇ. ಒಂದೇ ಡಬ್ಬದಿಂದ ಎತ್ತಬಾರದು, ಬೇಕಾದ ಉತ್ತರ ಬಂದ ತಕ್ಷಣ ತೂಗೋದು ನಿಲ್ಲಿಸಬಾರದು. ಎಲ್ಲಕ್ಕಿಂತ ಮೊದಲು ತಕ್ಕಡಿ ಸರಿ ಇದೆಯಾ ನೋಡಿ.

ಇನ್ನು ಮುಂದೆ ಯಾರಾದ್ರೂ ‘ಸರಾಸರಿ ಕಮ್ಮಿ ಬಂದಿದೆ’ ಅಂತ ಕೂಗಿದರೆ ಮೂರು ಪ್ರಶ್ನೆ ಕೇಳಿ. ಎಷ್ಟು ಕಮ್ಮಿ? ಎಷ್ಟು ತೂಗಿದಿರಿ? ಒಂದಕ್ಕೂ ಇನ್ನೊಂದಕ್ಕೂ ಎಷ್ಟು ಏರುಪೇರು? ಮೂರಕ್ಕೂ ಉತ್ತರ ಇದ್ದರೆ ದೂರು ಕೊಡಿ, ಧೈರ್ಯವಾಗಿ ಕೊಡಿ. ಇಲ್ಲದಿದ್ದರೆ ಆ ವಿಡಿಯೋ ನಿಮ್ಮ ಫೋನಿನಲ್ಲೇ ಇರಲಿ, ಮುಂದಕ್ಕೆ ಕಳಿಸಬೇಡಿ.