ಸಮುದ್ರ ಏರಿದರೆ ಹೊಸ ನೆಲ ಎಲ್ಲಿಂದ ಬರುತ್ತೆ?

ಬಸ್ಸಿನಲ್ಲಿ ಕೂತು ಕೇಳ್ತಿರೋರು, ಹಾಸ್ಟೆಲ್ ಟೆರೇಸ್ ಮೇಲೆ ಒಂದೇ ಇಯರ್‌ಫೋನ್ ಇಬ್ಬರು ಹಂಚಿಕೊಂಡು ಕೇಳ್ತಿರೋರು, ಎಲ್ಲರಿಗೂ ಸ್ವಾಗತ.

ಹೋದ ವಾರ ಅಫಜಲಪುರದಿಂದ ಒಂದು ವಾಯ್ಸ್ ಮೆಸೇಜ್ ಬಂತು. "ಅಣ್ಣಾ, ಧ್ರುವದಾಗಿನ ಹಿಮ ಕರಗಿದ್ರ ಸಮುದ್ರ ಏರ್ತದ, ಊರು ಮುಳುಗ್ತಾವ ಅಂತಾರ. ನಿನ್ನಿ ರೀಲ್ಸ್‌ನ್ಯಾಗ ನೋಡಿದ್ರ ಹಿಮ ಕರಗಿ ಹೊಸ ಭೂಮಿ ಹೊರಗ ಬಂದದ ಅಂತ ತೋರಿಸ್ಯಾರ. ಎರಡೂ ಹೆಂಗ ಖರೆ ಆಗ್ತದ?"

ಎರಡೂ ಖರೆ. ಅದು ಹೇಗೆ ಅಂತ ಇವತ್ತು ನೋಡೋಣ. ನನಗೂ ಇದು ಬರೀ ಸೈನ್ಸ್ ಪ್ರಶ್ನೆ ಅಲ್ಲ. ಅದೇ ವಾರ ನಮ್ಮ ಮನೆಯಲ್ಲಿ ಒಂದು ಚರ್ಚೆ ಎದ್ದಿತ್ತು. ಮುಂಬೈಯಲ್ಲಿ ಕೆಲಸ ಮಾಡೋ ಕಾಕಾನ ಮಗ, ಆಳಂದ ತಾಲ್ಲೂಕಿನ ಎರಡು ಎಕರೆ ಮಾರಿ ಅಲ್ಲೇ ಖಾಡಿ ಪಕ್ಕ ಒಂದು ರೂಮ್ ತಗೊಳ್ಳೋಣ ಅಂತಾನೆ. ಬಿ.ಕಾಂ. ಓದಿದವನು ಅಂತ ಲೆಕ್ಕ ಹಾಕೋ ಕೆಲಸ ನನ್ನ ತಲೆಗೆ ಬಂತು. ನೆಲ ಕೊಟ್ಟು ನೆಲ ತಗೊಳ್ಳೋ ಲೆಕ್ಕ ಅದು. ಹಾಗಾಗಿ ಸಮುದ್ರದ ಲೆಕ್ಕವನ್ನೂ ತಿಳಿಯಲೇಬೇಕಾಯ್ತು.

ಎರಡು ಥರದ ಹಿಮ

ಒಂದು ಗ್ಲಾಸಿನಲ್ಲಿ ಐಸ್ ಹಾಕಿ, ಅಂಚಿನ ತನಕ ನೀರು ತುಂಬಿ. ಐಸ್ ಕರಗಿದರೂ ನೀರು ಚೆಲ್ಲಲ್ಲ. ತೇಲೋ ಐಸ್ ತನ್ನ ಜಾಗ ಆಗಲೇ ಹಿಡಿದಿರುತ್ತೆ. ಉತ್ತರ ಧ್ರುವದ ಸಮುದ್ರದ ಮೇಲೆ ತೇಲೋ ಹಿಮ ಹೆಚ್ಚುಕಡಿಮೆ ಇದೇ ಥರ. ಅದು ಕರಗಿದರೆ ಸಮುದ್ರ ಅಷ್ಟೇನೂ ಏರಲ್ಲ.

ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕಾದ ಹಿಮ ಕೂತಿರೋದು ನೆಲದ ಮೇಲೆ. ಅದು ಗ್ಲಾಸಿಗೆ ಹೊರಗಿಂದ ಸುರಿಯೋ ನೀರಿನ ಹಾಗೆ. ಗ್ರೀನ್‌ಲ್ಯಾಂಡ್ ಪೂರ್ತಿ ಕರಗಿದರೆ ಜಗತ್ತಿನ ಸಮುದ್ರ ಸುಮಾರು 7 ಮೀಟರ್ ಏರುತ್ತೆ. ಅಂಟಾರ್ಕ್ಟಿಕಾ ಪೂರ್ತಿ ಕರಗಿದರೆ 55 ಮೀಟರ್‌ಗಿಂತ ಜಾಸ್ತಿ. ಹಾಗಾಗೋಕೆ ನೂರಾರು, ಸಾವಿರಾರು ವರ್ಷ ಬೇಕು, ಗಾಬರಿ ಬೇಡ. ಆದರೆ ಶುರುವಂತೂ ಆಗಿದೆ. 1901ರಿಂದ 2018ರ ನಡುವೆ ಸಮುದ್ರ ಸರಾಸರಿ 20 ಸೆಂಟಿಮೀಟರ್ ಏರಿದೆ. ಅದರಲ್ಲಿ ಹಿಮದ ಪಾಲೂ ಇದೆ, ಬಿಸಿಯಾದ ನೀರು ಹಿಗ್ಗಿದ ಪಾಲೂ ಇದೆ.

ಹಾಗಾದರೆ ಹೊಸ ನೆಲ?

ಅದು ಮೂರು ದಾರಿಯಲ್ಲಿ ಬರುತ್ತೆ.

ಮೊದಲನೇದು ಸರಳ. ಹಿಮನದಿ ಹಿಂದೆ ಸರಿದರೆ ಅದರ ಕೆಳಗಿದ್ದ ಬಂಡೆ, ಮಣ್ಣು ಬಯಲಾಗುತ್ತೆ, ಕಂಬಳಿ ಎಳೆದರೆ ಹಾಸಿಗೆ ಕಾಣೋ ಹಾಗೆ. 2000ದಿಂದ 2020ರ ಒಳಗೆ ಉತ್ತರ ಗೋಲಾರ್ಧದಲ್ಲಿ ಸಮುದ್ರಕ್ಕೆ ಬಂದು ಸೇರೋ ಹಿಮನದಿಗಳು ಹೀಗೆ ಸರಿದು ಸುಮಾರು 2,500 ಕಿ.ಮೀ. ಹೊಸ ಕರಾವಳಿ ಹೊರಬಂದಿದೆ ಅಂತ 2025ರಲ್ಲಿ ಪ್ರಕಟವಾದ ಅಧ್ಯಯನ ಹೇಳುತ್ತೆ. ಅದರಲ್ಲಿ ಮೂರನೇ ಎರಡು ಭಾಗ ಗ್ರೀನ್‌ಲ್ಯಾಂಡ್‌ದು. ಹಿಮಕ್ಕೆ ಅಂಟಿಕೊಂಡಿದ್ದ ಗುಡ್ಡಗಳು ಬಿಡಿಸಿಕೊಂಡು ದ್ವೀಪಗಳಾಗಿವೆ. ನೀವು ನೋಡಿದ ರೀಲ್ಸ್ ಬಹುಶಃ ಇದರದ್ದೇ.

ಎರಡನೇದು, ಭಾರ ಇಳಿದ ನೆಲ ಮೇಲೇಳೋದು. ಗಾದಿ ಮೇಲೆ ಜೋಳದ ಚೀಲ ಇಟ್ಟು ತೆಗೆದರೆ ತಗ್ಗು ನಿಧಾನಕ್ಕೆ ತುಂಬಿಕೊಳ್ಳುತ್ತಲ್ಲ, ಹಾಗೆ. ಫಿನ್‌ಲ್ಯಾಂಡ್‌ನ ಕ್ವಾರ್ಕೆನ್ ದ್ವೀಪಸಮೂಹದ ಮೇಲಿದ್ದ ಹಿಮ ಕರಗಿ ಸಾವಿರಾರು ವರ್ಷ ಆಯ್ತು. ನೆಲ ಇನ್ನೂ ವರ್ಷಕ್ಕೆ 8 ಮಿ.ಮೀ. ಆಸುಪಾಸು ಏಳ್ತಾನೇ ಇದೆ. ವರ್ಷಕ್ಕೆ ಸುಮಾರು ಒಂದು ಚದರ ಕಿ.ಮೀ. ಹೊಸ ನೆಲ ಸೇರುತ್ತೆ. 2006ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಈ ನೆಲ ಯಾರದ್ದು ಅಂದ್ರೆ, ಸಾಮಾನ್ಯವಾಗಿ ದಡದ ಹೊಲದವನದ್ದಲ್ಲ, ಆ ನೀರಿನ ಒಡೆತನ ಇದ್ದವರದ್ದು. ಹಲವು ಕಡೆ ಅದು ಊರವರ ಜಂಟಿ ಆಸ್ತಿ. ತನ್ನ ಮನೆ ಮುಂದೆ ಎದ್ದ ನೆಲವನ್ನೇ ದಡದವನು ದುಡ್ಡು ಕೊಟ್ಟು ಕೊಳ್ಳಬೇಕಾಗುತ್ತೆ.

ಮೂರನೇದು ನನಗೆ ಬಹಳ ಸೋಜಿಗ ಅನ್ನಿಸಿದ್ದು. ಹಿಮದ ಗುಡ್ಡ ಎಷ್ಟು ದೊಡ್ಡದು ಅಂದ್ರೆ, ಅದರ ಗುರುತ್ವಾಕರ್ಷಣೆಯೇ ಸುತ್ತಲಿನ ಸಮುದ್ರವನ್ನ ತನ್ನ ಕಡೆ ಎಳೆದು ಹಿಡಿದಿರುತ್ತೆ. ಹಿಮ ಕರಗಿದರೆ ಆ ಹಿಡಿತ ಸಡಿಲ. ನೀರು ದೂರಕ್ಕೆ ಹೋಗುತ್ತೆ. ಹಾಗಾಗಿ ಗ್ರೀನ್‌ಲ್ಯಾಂಡ್ ಕರಗಿದರೆ ಗ್ರೀನ್‌ಲ್ಯಾಂಡ್ ದಡದಲ್ಲಿ ಸಮುದ್ರ ಇಳಿಯುತ್ತೆ! ದೂರದ ಉಷ್ಣವಲಯದಲ್ಲಿ ಸರಾಸರಿಗಿಂತ ಜಾಸ್ತಿ ಏರುತ್ತೆ.

ಕಾಮರ್ಸ್ ಭಾಷೆಯಲ್ಲಿ ಹೇಳಬೇಕಂದ್ರೆ, ಅಲ್ಲಿ ಜಮಾ, ಇಲ್ಲಿ ಖರ್ಚು. ಜಮಾ ಆದದ್ದೂ ಉತ್ತು ಬಿತ್ತೋ ನೆಲ ಅಲ್ಲ, ಬಹುಪಾಲು ಸಡಿಲ ಕಲ್ಲು. ಹಿಮದ ಆಸರೆ ತಪ್ಪಿದ ಇಳಿಜಾರು ಕುಸಿಯೋ ಭಯ ಬೇರೆ. 2017ರ ಜೂನ್‌ನಲ್ಲಿ ಗ್ರೀನ್‌ಲ್ಯಾಂಡ್‌ನ ಕರ್ರಾಟ್ ಕಡಲಕವಲಿನಲ್ಲಿ ಗುಡ್ಡ ಕುಸಿದು ಎದ್ದ ಸುನಾಮಿಗೆ ಒಂದು ಹಳ್ಳಿಯ ನಾಲ್ಕು ಜನ ತೀರಿಹೋದರು.

ನಮ್ಮ ಮನೆಯ ಪರಸಿ

ಇಷ್ಟು ಓದಿ ಮುಗಿಸಿದಾಗ ನಾನು ಕೂತಿದ್ದು ಸಮುದ್ರದ ತಳದ ಮೇಲೆ. ತಮಾಷೆ ಅಲ್ಲ. ನಮ್ಮ ಕಡೆ ಮನೆಗಳಿಗೆ ಹಾಸೋ ಶಹಾಬಾದ್ ಕಲ್ಲು ಸುಣ್ಣದ ಕಲ್ಲು. 50 ಕೋಟಿ ವರ್ಷಕ್ಕಿಂತ ಹಿಂದೆ ಇಲ್ಲಿದ್ದ ಆಳವಿಲ್ಲದ ಸಮುದ್ರದ ಕೆಳಗೆ ಪದರ ಪದರವಾಗಿ ಕೂತ ಕೆಸರು ಅದು. ಅದಕ್ಕೇ ಹಾಳೆ ಬಿಡಿಸಿದ ಹಾಗೆ ಚಪ್ಪಟೆಯಾಗಿ ಏಳುತ್ತೆ. ಭೂವಿಜ್ಞಾನಿಗಳು ಈ ಪ್ರದೇಶಕ್ಕೆ ಭೀಮಾ ಜಲಾನಯನ ಅಂತ ನಮ್ಮ ಹೊಳೆ ಹೆಸರನ್ನೇ ಇಟ್ಟಿದ್ದಾರೆ. ಸಮುದ್ರ ಹಿಂದೆ ಸರಿದು ನೆಲ ಬಯಲಾಯ್ತು. ಎಷ್ಟೋ ಕಾಲದ ಮೇಲೆ, ಸುಮಾರು 6.6 ಕೋಟಿ ವರ್ಷದ ಹಿಂದೆ, ಲಾವಾ ಹರಿದು ಬಂತು. ಆ ಲಾವಾ ಕಲ್ಲು ಸವೆದು ಆದದ್ದೇ ಆಳಂದ, ಅಫಜಲಪುರದ ಎರೆಮಣ್ಣು. 2019ರಲ್ಲಿ ಜಿಐ ಟ್ಯಾಗ್ ಸಿಕ್ಕ ನಮ್ಮ ತೊಗರಿ ಬೆಳೆಯೋದು ಈ ಮಣ್ಣಿನಲ್ಲೇ.

ಅಂದರೆ ನಾವೂ ಒಂದು ಕಾಲಕ್ಕೆ ಸಮುದ್ರ ಬಿಟ್ಟುಹೋದ ನೆಲದವರೇ. ವ್ಯತ್ಯಾಸ ಅವಸರದ್ದು. ಕಲ್ಲು ಮಣ್ಣಾಗಿ, ಮಣ್ಣು ಹೊಲ ಆಗೋಕೆ ಲೆಕ್ಕವಿಲ್ಲದಷ್ಟು ವರ್ಷ ಹಿಡೀತು. ಅದನ್ನ ಕಳ್ಕೊಳ್ಳೋಕೆ ಎರಡು ದಿನ ಸಾಕು.

ಅದನ್ನ ನಾನು ಕಣ್ಣಾರೆ ನೋಡಿದ್ದೀನಿ. 2020ರ ಅಕ್ಟೋಬರ್‌ನಲ್ಲಿ ಭೀಮಾ ತುಂಬಿ ಬಂದಾಗ ಜೇವರ್ಗಿ ತಾಲ್ಲೂಕಿನ ನಮ್ಮ ಸೋದರಮಾವನ ಹೊಲ ಪೂರಾ ನೀರಾಗಿತ್ತು. ನೀರು ಇಳಿದ ಮೇಲೆ ಹೋದೆವು. ಮೇಲಿನ ಕಡೆ ಒಂದು ಗೇಣು ಹೊಸ ರೇವೆ ಕೂತಿತ್ತು. ಕೆಳಗಿನ ಕಡೆ ಮಣ್ಣು ಕೊಚ್ಚಿಹೋಗಿ ಗರಸು ಕಾಣ್ತಿತ್ತು. ಬದು ಎಲ್ಲಿತ್ತು ಅಂತಲೇ ಗೊತ್ತಾಗಲಿಲ್ಲ. ನಾನು ಸಮಾಧಾನ ಮಾಡೋಕೆ, "ಮಾವಾ, ಹೊಸ ಮಣ್ಣು ಬಂದದಲ್ಲ" ಅಂದೆ. ಅವರು ಕೆಳಗಿನ ಕಡೆ ಕೈ ಮಾಡಿ, "ಬಂದದ್ದು ಖರೆ ತಮ್ಮಾ. ಹೋದದ್ದು ಯಾರ ಕಡೆ ಕೇಳಬೇಕು?" ಅಂದರು.

ಗ್ರೀನ್‌ಲ್ಯಾಂಡ್ ಲೆಕ್ಕ ಓದುವಾಗೆಲ್ಲ ನನಗೆ ಈ ಮಾತೇ ನೆನಪಾಗುತ್ತೆ. ಅಲ್ಲಿ ಬಂದ ನೆಲ, ಇಲ್ಲಿ ಹೋದ ನೆಲಕ್ಕೆ ಪರಿಹಾರ ಅಲ್ಲ. ಉಳ್ಳಾಲದ ಕಡೆ ಕಡಲು ಮನೆಗಳನ್ನ ಕಿತ್ತಾಗ, ಅವರಿಗೆ ಯಾರೂ ಧ್ರುವದಲ್ಲಿ ಸೈಟ್ ಕೊಡಲ್ಲ.

ಕಡೆಗೆ ಆ ಎರಡು ಎಕರೆ

ಕಲಬುರಗಿ ಇರೋದು ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿ. ಜಗತ್ತಿನ ಹಿಮ ಎಲ್ಲಾ ಕರಗಿದರೂ ಸಮುದ್ರ 70 ಮೀಟರ್ ಆಸುಪಾಸು ಏರಬಹುದು. ನಮ್ಮ ಹೊಲಕ್ಕೆ ಅಲೆ ಬರಲ್ಲ. ಆದರೆ ನಮ್ಮ ಜನ ಇರೋದು ಹೊಲದಲ್ಲಿ ಮಾತ್ರ ಅಲ್ಲ. ದುಡಿಯೋಕೆ ಮುಂಬೈಗೆ ಹೋದವರು ಎಷ್ಟೋ ಮಂದಿ. ಅಲ್ಲಿ ನಮ್ಮಂಥವರ ಕೈಗೆ ಎಟುಕೋ ರೇಟಿನ ರೂಮು ತಗ್ಗಿನಲ್ಲೇ ಸಿಗೋದು.

ಅಣ್ಣನಿಗೆ ಫೋನ್ ಮಾಡಿ ಇಷ್ಟೇ ಕೇಳಿದೆ: ಮಳೆ ಜೋರಿದ್ದು, ಅದೇ ಹೊತ್ತಿಗೆ ಭರತ ಇದ್ದಾಗ, ಆ ಓಣಿಯಲ್ಲಿ ನೀರು ಎಲ್ಲಿ ತನಕ ನಿಲ್ತದ? ಆತ ಸ್ವಲ್ಪ ಹೊತ್ತು ಸುಮ್ಮನಿದ್ದ. "ಮೊಣಕಾಲು ತನಕ" ಅಂದ. ಆಮೇಲೆ, "ಹೊಲದಾಗ ಮಳೆ ಇಲ್ಲದ ವರ್ಷ ಏನು ಬರ್ತದ, ಅದನ್ನೂ ಲೆಕ್ಕಕ್ಕೆ ಹಿಡಿ" ಅಂದ. ಅದೂ ನ್ಯಾಯವೇ. ಮಳೆ ನಂಬಿದ ಎರಡು ಎಕರೆಯಿಂದ ಅವನ ಮಕ್ಕಳ ಫೀಸು ಹುಟ್ಟಲ್ಲ.

ಲೆಕ್ಕ ಇನ್ನೂ ಮುಗಿದಿಲ್ಲ. ಸದ್ಯಕ್ಕೆ ನಾನು ಹೇಳಿದ್ದು ಒಂದೇ: ರೂಮ್ ನೋಡೋದಾದರೆ ಮಳೆಗಾಲದಲ್ಲಿ ಹೋಗಿ ನೋಡು, ಬೇಸಿಗೆಯಲ್ಲಿ ಬ್ಯಾಡ. ನಿಮ್ಮ ಮನೆಯಲ್ಲೂ ಇಂಥ ಮಾತು ನಡೆದಿದ್ದರೆ ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ವಾರ ಸಿಗೋಣ. ನಮಸ್ಕಾರ.